ನೂರಕ್ಕೆ ಮೂರು ಕಡಿಮೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಿತ್ರರೇ, ನಮ್ಮ ರಾಜ್ಯದ ಕ್ರಿಕೆಟ್ಟಿಗರು ಆಡಿದ ಆಟಗಳಲ್ಲಿ ಯಾವುದು ದೊಡ್ಡದು ಎಂಬ ಮಾತು ಜಗಲಿಯ ಮೇಲೆ ಬಂದರೆ ಬೇಗ ಮುಗಿಯುವುದಿಲ್ಲ. ಅಂಕಿಯನ್ನೇ ನೋಡುವುದಾದರೆ, 2015ರ ರಣಜಿ ಪಂದ್ಯವೊಂದರಲ್ಲಿ ಕೆ. ಎಲ್. ರಾಹುಲ್ 337 ರನ್ನು ತೆಗೆದರು. ಅದೇ ವರ್ಷದ ಅಂತಿಮ ಪಂದ್ಯದಲ್ಲಿ ಕರುಣ್ ನಾಯರ್ 328. ಆದರೆ ನನ್ನ ಮತ ಬೇರೆ.

ನರಸಿಂಹರಾಜಪುರದ ಮಗ್ಗುಲಿನ ಭದ್ರೆ ಕೆಳಗಿಳಿದು ಸೇರುವ ಊರು ಭದ್ರಾವತಿ. ಅಲ್ಲಿ 1949ರಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್, 1967ರಲ್ಲಿ ಮೈಸೂರು ತಂಡದ ಪರ ಮೊದಲ ಪಂದ್ಯದಲ್ಲೇ ಆಂಧ್ರದ ಎದುರು 230 ಹೊಡೆದರು. ನಾನು ಹೇಳುವುದು ಅದನ್ನೂ ಅಲ್ಲ.

1975ರ ಜನವರಿ, ಮದ್ರಾಸಿನ ಟೆಸ್ಟ್ ಪಂದ್ಯ. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸರ ಬಿರುಸಾದ ಚೆಂಡಿಗೆ ನಮ್ಮ ಏಳು ಮಂದಿ ಬಲಿಯಾದರು. ಭಾರತದ ಮೊತ್ತ 190. ಅದರಲ್ಲಿ 97 ವಿಶ್ವನಾಥರದು! ಜೊತೆಗೆ ನಿಲ್ಲುವವರು ಮುಗಿದರು. ಅವರು ಮಾತ್ರ ಔಟಾಗದೆ ಉಳಿದರು. ಶತಕ ತಪ್ಪಿತು, ಪಂದ್ಯ ತಪ್ಪಲಿಲ್ಲ. ಭಾರತ 100 ರನ್ನುಗಳಿಂದ ಗೆದ್ದಿತು.

ಕಷ್ಟಕಾಲದಲ್ಲಿ ನಿಂತದ್ದೇ ದೊಡ್ಡ ಆಟ. ಅಂಕಪಟ್ಟಿ ಹಿಡಿದು ಬಂದ ಮಗುವನ್ನು ‘ನೂರು ಏಕಿಲ್ಲ?’ ಎಂದು ಗದರುವ ಮೊದಲು, ಈ 97ನ್ನು ಒಮ್ಮೆ ನೆನೆಯಿರಿ.