ಪವಿತ್ರ ಕುಟುಂಬದ ಹಬ್ಬ: ಗುಳೆ ಹೋದ ಮನೆಯಲ್ಲೂ ದೇವರಿದ್ದಾರೆ

(ಪವಿತ್ರ ಕುಟುಂಬದ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ಶುಭಸಂದೇಶ: ಮತ್ತಾಯ 2:13-15, 19-23)



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ಮುಗಿದಿಲ್ಲ. ಗೋದಲಿಯ ಹುಲ್ಲು ಇನ್ನೂ ಒಣಗಿಲ್ಲ, ನಕ್ಷತ್ರದ ದೀಪ ಇನ್ನೂ ಉರಿಯುತ್ತಿದೆ. ಇದರ ನಡುವೆಯೇ ಮಾತೆ ಧರ್ಮಸಭೆಯು ನಮ್ಮನ್ನು ಗೋದಲಿಯಿಂದ ಮನೆಯೊಳಕ್ಕೆ ಕರೆದೊಯ್ಯುತ್ತಿದೆ. ಹುಟ್ಟಿದ ಕೂಸಿಗೆ ಒಂದು ಮನೆ ಬೇಕು, ತಂದೆತಾಯಿ ಬೇಕು, ನೆರೆಹೊರೆ ಬೇಕು. ದೇವರ ಪುತ್ರರಿಗೂ ಅದು ಬೇಕಾಯಿತು. ಅದನ್ನೇ ನಾವು ಇಂದು ಪವಿತ್ರ ಕುಟುಂಬದ ಹಬ್ಬವೆಂದು ಕೊಂಡಾಡುತ್ತಿದ್ದೇವೆ.

ಈ ಹಬ್ಬ ಬಹಳ ಪುರಾತನವಾದುದೇನಲ್ಲ. ವಿಶ್ವಗುರು 13ನೇ ಲಿಯೋರವರು 1893ರಲ್ಲಿ ಇದನ್ನು ಆರಂಭಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1891ರಲ್ಲಿ, ಕಾರ್ಮಿಕರ ಹಕ್ಕುಗಳ ಬಗ್ಗೆ ಪ್ರಸಿದ್ಧ ವಿಶ್ವಪತ್ರವನ್ನು ಬರೆದವರೂ ಅವರೇ. ಯುರೋಪಿನ ಹಳ್ಳಿಗಳ ಜನ ಹೊಲಮನೆ ಬಿಟ್ಟು ಕಾರ್ಖಾನೆಗಳ ಊರಿಗೆ ದುಡಿಯಲು ಹೋಗುತ್ತಿದ್ದ ಕಾಲವದು. ಮುಂದೆ 1921ರಲ್ಲಿ ವಿಶ್ವಗುರು 15ನೇ ಬೆನೆಡಿಕ್ಟ್‌ರವರು ಇದನ್ನು ಇಡೀ ಧರ್ಮಸಭೆಯ ಹಬ್ಬವನ್ನಾಗಿ ಮಾಡಿದರು. ದುಡಿಮೆಗಾಗಿ ಮನೆಗಳು ಚದುರುತ್ತಿದ್ದ ದಿನಗಳಲ್ಲಿ ಈ ಹಬ್ಬ ಹುಟ್ಟಿತೆಂಬುದನ್ನು ನಾವು ಮರೆಯಬಾರದು. ಏಕೆಂದರೆ ಇಂದು ಈ ದೇವಾಲಯದಲ್ಲಿ ಕಣ್ಣಾಡಿಸಿದರೆ, ನಮ್ಮ ಕಥೆಯೂ ಅದೇ ಆಗಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ಕಡೆಯ ನಮ್ಮ ವಿಶ್ವಾಸಿಗಳು ಸಂಖ್ಯೆಯಲ್ಲಿ ಕಡಿಮೆ. ಒಂದು ಊರಿನಲ್ಲಿ ನಾಲ್ಕು ಮನೆ, ಇನ್ನೊಂದು ಊರಿನಲ್ಲಿ ಒಂದೇ ಮನೆ. 2005ರಲ್ಲಿ ಕಲಬುರಗಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ನಮ್ಮ ವಿಜಯಪುರ ಜಿಲ್ಲೆಯೂ ಅದರಲ್ಲಿ ಸೇರಿತು. ಗುರುಗಳು, ಕನ್ಯಾಸ್ತ್ರೀಯರು ಎಷ್ಟೇ ಓಡಾಡಿದರೂ ವಿಶ್ವಾಸ ಉಳಿಯಬೇಕಾದದ್ದು ಮನೆಗಳಲ್ಲಿಯೇ. ಕೃಷ್ಣಾ ನದಿಯಾಚೆ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಅರಸರ ಕಾಲದಿಂದಲೂ ಕಥೋಲಿಕರಿದ್ದಾರೆ. ಇಷ್ಟು ತಲೆಮಾರುಗಳ ಕಾಲ ಆ ದೀಪಕ್ಕೆ ಎಣ್ಣೆ ಹಾಕಿದವರು ಅಲ್ಲಿಯ ತಾಯಂದಿರು, ಅಜ್ಜಿಯರು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದದ್ದು ಇದೇ ಅರ್ಥದಲ್ಲಿ.

ಆದರೆ ಆ ಗೃಹ ಧರ್ಮಸಭೆಯ ಬಾಗಿಲಿಗೇ ಬೀಗ ಬಿದ್ದರೆ? ದಸರಾ, ದೀಪಾವಳಿ ಕಳೆಯುತ್ತಲೇ ನಮ್ಮ ಎಷ್ಟೋ ಮನೆಗಳು ಬೀಗ ಕಾಣುತ್ತವೆ. ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಮಹಾರಾಷ್ಟ್ರದ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದ ಕಡೆಗೆ ಹೊರಡುತ್ತಾರೆ. ಕೆಲವರು ಗೋವಾದ ವಾಸ್ಕೋ, ಮಡಗಾಂವಕ್ಕೆ ಕಟ್ಟಡದ ಕೆಲಸಕ್ಕೆ, ಕೆಲವರು ಪುಣೆ, ಮುಂಬಯಿಗೆ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಸ್ಟೇಷನ್ನುಗಳಲ್ಲಿ ಪಾತ್ರೆಯ ಗಂಟು, ಹಾಸಿಗೆಯ ಸುರುಳಿ, ರೊಟ್ಟಿಯ ಬುತ್ತಿ ಹೊತ್ತು ನಿಂತ ಕುಟುಂಬಗಳನ್ನು ನಾವೆಲ್ಲ ಕಂಡಿದ್ದೇವೆ. ಯುಗಾದಿಯ ಹೊತ್ತಿಗೆ ಅವರು ತಿರುಗಿ ಬರಬೇಕು. ಅಂದರೆ ನಾವು ಕುಟುಂಬದ ಹಬ್ಬ ಮಾಡುವ ದಿನವೇ ನಮ್ಮ ಅನೇಕ ಕುಟುಂಬಗಳು ಇಲ್ಲಿಲ್ಲ! ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳ ಪಕ್ಕದಲ್ಲಿ ಅಪ್ಪ ಅವ್ವ ಇಲ್ಲ, ಮುತ್ಯಾ ಇದ್ದಾರೆ, ಆಯಿ ಇದ್ದಾರೆ. "ಆಯಿ, ಅವ್ವ ಯಾವಾಗ ಬರ್ತಾಳ?" ಎಂದು ಮಗು ಕೇಳುತ್ತದೆ. "ಯುಗಾದಿಗಿ ಬರ್ತಾಳವ್ವ, ನೀ ಸಾಲಿಗಿ ಹೋಗು" ಎಂದು ಆಯಿ ಹೇಳುತ್ತಾಳೆ. ಆ ಉತ್ತರ ಮಗುವಿನ ಹೊಟ್ಟೆ ತುಂಬಿಸೀತು, ಮನಸ್ಸು ತುಂಬಿಸದು.

ಪ್ರಿಯರೇ, ಇಂಥ ಮನೆಯವರು ಪವಿತ್ರ ಕುಟುಂಬದ ಚಿತ್ರಪಟ ನೋಡಿ, "ಅವರದು ಪುಣ್ಯವಂತರ ಮನೆ, ನಮ್ಮಂಥದಲ್ಲ" ಎಂದುಕೊಳ್ಳಬಹುದು. ಆದ್ದರಿಂದಲೇ ಇಂದಿನ ಶುಭಸಂದೇಶವನ್ನು ಗಮನವಿಟ್ಟು ಕೇಳಬೇಕು. ಮೂರು ವರ್ಷಗಳ ಆವರ್ತನದಲ್ಲಿ ಧರ್ಮಸಭೆ ಈ ಹಬ್ಬಕ್ಕೆ ಮೂರು ಪಾಠಗಳನ್ನು ಇಟ್ಟಿದೆ. ಒಂದರಲ್ಲಿ ಈಜಿಪ್ಟಿಗೆ ಪಲಾಯನ, ಇನ್ನೊಂದರಲ್ಲಿ ದೇವಾಲಯದಲ್ಲಿ ಕೂಸಿನ ಸಮರ್ಪಣೆ ಮತ್ತು ಸಿಮೆಯೋನನ ನೋವಿನ ಮಾತು, ಮತ್ತೊಂದರಲ್ಲಿ ಹನ್ನೆರಡು ವರ್ಷದ ಬಾಲ ಯೇಸು ಕಳೆದುಹೋಗುವುದು. ಮೂರೂ ಸಂಕಟದ ಕಥೆಗಳೇ! ಕಷ್ಟವಿಲ್ಲದ ಕುಟುಂಬವನ್ನಲ್ಲ, ಕಷ್ಟದಲ್ಲಿ ದೇವರ ಕೈ ಬಿಡದ ಕುಟುಂಬವನ್ನು ಧರ್ಮಸಭೆ ಪವಿತ್ರವೆಂದು ಕರೆಯುತ್ತದೆ.

ಮೊದಲನೆಯದಾಗಿ, ಸಂತ ಜೋಸೆಫರನ್ನು ನೋಡೋಣ. ಶುಭಸಂದೇಶಗಳಲ್ಲಿ ಅವರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ದೂತರು ಕನಸಿನಲ್ಲಿ ಎಚ್ಚರಿಸಿದ ರಾತ್ರಿಯೇ ಎದ್ದು, ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು. ಭಾಷೆ ಗೊತ್ತಿಲ್ಲದ ನಾಡು, ಪರಿಚಯವಿಲ್ಲದ ಜನ, ಕೆಲಸ ಸಿಗುತ್ತದೋ ಇಲ್ಲವೋ. ಆದರೂ ಹೊರಟರು. ಏಕೆಂದರೆ ಅವರ ಪ್ರತಿಯೊಂದು ನಿರ್ಧಾರದ ಅಳತೆಗೋಲು ಒಂದೇ: ಈ ಕೂಸು ಉಳಿಯಬೇಕು. 1952ರಲ್ಲಿ ವಿಶ್ವಗುರು 12ನೇ ಪಿಯೂಸ್‌ರವರು ವಲಸಿಗರ ಬಗ್ಗೆ ಬರೆದ ಶಾಸನಪತ್ರದಲ್ಲಿ, ಈಜಿಪ್ಟಿಗೆ ಓಡಿದ ಈ ಕುಟುಂಬವೇ ನಾಡು ಬಿಟ್ಟು ಹೋಗಬೇಕಾದ ಎಲ್ಲ ಕುಟುಂಬಗಳಿಗೂ ಮಾದರಿ, ಆಸರೆ ಎಂದು ಬೋಧಿಸಿದರು. ಆದುದರಿಂದ ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿ, ಕಟ್ಟಡದ ಕೆಳಗಿನ ತಗಡಿನ ಶೆಡ್ಡಿನಲ್ಲಿ ಇಂದು ರಾತ್ರಿ ಮಲಗುವ ನಮ್ಮ ಬಂಧುಗಳು ಪವಿತ್ರ ಕುಟುಂಬಕ್ಕೆ ದೂರದವರಲ್ಲ, ತೀರ ಹತ್ತಿರದವರು.

ಹಾಗೆಂದು ಗುಳೆ ಹೋಗುವುದೇ ದೇವರ ಚಿತ್ತ ಎಂದು ನಾವು ಹೇಳಬಾರದು. ಜೋಸೆಫರು ಓಡಬೇಕಾದದ್ದು ಹೆರೋದನ ಕ್ರೌರ್ಯದಿಂದ. ನಮ್ಮ ಕಡೆಯ ಹೆರೋದನಿಗೆ ಬೇರೆ ಹೆಸರುಗಳಿವೆ: ಬರ, ಸಾಲ, ಕುಡಿತ, ಸಾಲ ಮಾಡಿ ಮಾಡುವ ಆಡಂಬರದ ಮದುವೆ. ಬರವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಉಳಿದ ಮೂರು ನಮ್ಮ ಕೈಯಲ್ಲಿವೆ. ಮದುವೆಯ ಒಂದು ದಿನದ ಊಟಕ್ಕಾಗಿ ಮುಕಾದಮನಿಂದ ಮುಂಗಡ ತಂದು, ಅದನ್ನು ತೀರಿಸಲು ಹೊಸ ಮದುಮಕ್ಕಳೇ ಕೊಯ್ತಾ ಹಿಡಿದು ಹೋಗುವ ಸ್ಥಿತಿ ಯಾವ ಮನೆಗೂ ಬಾರದಿರಲಿ. ಕಾನಾ ಊರಿನ ಮದುವೆಗೆ ಪ್ರಭು ಬಂದದ್ದು ಆ ಮನೆಯವರ ಮಾನ ಕಾಪಾಡಲು, ಅವರ ತಲೆಯ ಮೇಲೆ ಸಾಲ ಹೊರಿಸಲು ಅಲ್ಲ. ದೇವಾಲಯದಲ್ಲಿ ಸರಳವಾಗಿ ನಡೆದ ಮದುವೆಗೆ ಸಂಸ್ಕಾರದ ಕೃಪೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. "ನಾವು ದುಡಿಯಾಕ ಹೋಗ್ತೀವಿ, ವಯಸ್ಸಿಗೆ ಬಂದ ಹುಡುಗೀನ ಯಾರ ಕೈಯಾಗ ಬಿಟ್ಟು ಹೋಗೂನು? ಮದವಿ ಮಾಡಿಬಿಟ್ರ ಚಿಂತಿ ಇಲ್ಲ" ಎನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಕೇಳಿಬರುತ್ತದೆ. ತಂದೆತಾಯಿಯರ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಹದಿನಾಲ್ಕು, ಹದಿನೈದು ವರ್ಷದ ಮಗಳನ್ನು ಬಲಿ ಕೊಡುವುದು ಪರಿಹಾರವಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ನಮ್ಮ ರಾಜ್ಯ 2016ರಲ್ಲಿ ತಂದ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತೊಂದರೆಯಲ್ಲಿರುವ ಮಗುವಿಗಾಗಿ ಯಾರು ಬೇಕಾದರೂ 1098ಕ್ಕೆ ಫೋನ್ ಮಾಡಬಹುದು. ಕಾನೂನಿಗಿಂತ ಮಿಗಿಲಾಗಿ, ಮದುವೆ ಎಂಬುದು ಇಬ್ಬರು ಪೂರ್ಣ ತಿಳಿವಳಿಕೆಯಿಂದ, ಸ್ವಂತ ಮನಸ್ಸಿನಿಂದ ನೀಡುವ ಒಪ್ಪಿಗೆ ಎಂದು ಧರ್ಮಸಭೆ ಬೋಧಿಸುತ್ತದೆ. ಆಟದ ವಯಸ್ಸಿನ ಮಗು ಅಂಥ ಒಪ್ಪಿಗೆ ಹೇಗೆ ಕೊಟ್ಟೀತು? ಕೂಸನ್ನು ಉಳಿಸಲು ರಾತ್ರೋರಾತ್ರಿ ಎದ್ದ ಜೋಸೆಫರು ನಮ್ಮ ಹೆಣ್ಣುಮಕ್ಕಳ ತಂದೆಯಂದಿರಿಗೆ ಮಾದರಿಯಾಗಲಿ.

ಎರಡನೆಯದಾಗಿ, ನಜರೇತಿನ ಮನೆಯನ್ನು ನೋಡೋಣ. ಪ್ರಭು ಯೇಸು ಸುಮಾರು ಮೂವತ್ತು ವರ್ಷ ಬಾಳಿದ್ದು ಯಾರ ಗಮನಕ್ಕೂ ಬಾರದ ಬಡಗಿಯ ಮನೆಯಲ್ಲಿ. ಅಲ್ಲಿ ದುಡಿಮೆ ಇತ್ತು, ಪ್ರಾರ್ಥನೆ ಇತ್ತು. ಕಾಯಕದ ಬೆಲೆಯನ್ನು ನಮ್ಮ ನೆಲದ ಜನಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಜನಿಸಿದ ನೆಲವಿದು. ಆದರೆ ದುಡಿಮೆಯೊಂದೇ ಉಳಿದು ಪ್ರಾರ್ಥನೆ ಜಾರಿಹೋದರೆ ಮನೆ ಬರೀ ಛತ್ರವಾಗುತ್ತದೆ. ದೂರವಿದ್ದರೂ ಒಂದಾಗಿ ಪ್ರಾರ್ಥಿಸುವುದಕ್ಕೆ ಈಗ ದಾರಿಯಿದೆ. ರಾತ್ರಿ ಎಂಟಕ್ಕೆ ಇಲ್ಲಿ ಆಯಿ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಜಪಸರದ ಒಂದು ರಹಸ್ಯವನ್ನಾದರೂ ಹೇಳಲಿ. ಅದೇ ಹೊತ್ತಿಗೆ ಅಲ್ಲಿ ಶೆಡ್ಡಿನಲ್ಲಿ ಅಪ್ಪ ಅವ್ವ ಅದನ್ನೇ ಹೇಳಲಿ. ಮೊಬೈಲಿನಲ್ಲಿ ಮಾತಾಡುವಾಗ "ಉಂಡ್ಯಾ? ರೊಕ್ಕ ಮುಟ್ಟಿತಾ?" ಎಂಬುದರ ಜೊತೆಗೆ ಮಗುವಿನ ಹೆಸರು ಹೇಳಿ ಒಂದು ಆಶೀರ್ವಾದವೂ ಬರಲಿ. ವಿಶ್ವಗುರು ಫ್ರಾನ್ಸಿಸ್‌ರವರು ಕುಟುಂಬಗಳಿಗೆ ಮೂರು ಮಾತುಗಳನ್ನು ಮತ್ತೆ ಮತ್ತೆ ಕಲಿಸಿದರು: ಅನುಮತಿ ಕೇಳುವ ಮಾತು, ಕೃತಜ್ಞತೆಯ ಮಾತು, ಕ್ಷಮೆಯ ಮಾತು. ಈ ಮೂರಕ್ಕೆ ರೊಕ್ಕ ಬೇಡ, ಮನಸ್ಸು ಬೇಕು. ಮುಖ್ಯವಾಗಿ ಗಂಡಸರು ಇದನ್ನು ಹೆಂಡತಿಯ ಮುಂದೆ ಕಲಿಯಬೇಕು. ಹಗಲೆಲ್ಲ ಜೋಡಿಯಾಗಿ ದುಡಿದು, ಸಂಜೆ ಒಬ್ಬಳು ಒಲೆಯ ಮುಂದೆ, ಇನ್ನೊಬ್ಬ ಸೆರೆಯ ಅಂಗಡಿಯ ಮುಂದೆ ಎಂದಾದರೆ ಅದು ನಜರೇತಿನ ಮನೆಯಾಗದು.

ಮುತ್ಯಾ, ಆಯಿಯರಿಗೆ ಒಂದು ಮಾತು. ಮಾತೆ ಮರಿಯಮ್ಮನವರ ತಂದೆತಾಯಿ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರೆಂದು ಧರ್ಮಸಭೆಯ ಪರಂಪರೆ ಹೇಳುತ್ತದೆ. ಜುಲೈ 26 ಅವರ ಹಬ್ಬ. ಅದರ ಸಮೀಪದ ಭಾನುವಾರವನ್ನು, ಅಂದರೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು, 2021ರಿಂದ ಅಜ್ಜ ಅಜ್ಜಿಯರ ದಿನವೆಂದು ಆಚರಿಸಲಾಗುತ್ತಿದೆ. ಶಿಲುಬೆಯ ಗುರುತು ಹಾಕಲು ನೀವು ಕಲಿಸಿದ ಮಗು, ನೀವು ಮಣ್ಣಿಗೆ ಹೋದ ಮೇಲೂ ಅದನ್ನು ಮರೆಯದು. ವಯಸ್ಸಾದ ಕಾಲಕ್ಕೆ ಎರಡನೇ ಸಲ ತಂದೆತಾಯಿಯಾದ ನಿಮಗೆ ಧರ್ಮಕೇಂದ್ರದ ಪರವಾಗಿ ವಂದನೆಗಳು.

ಮೂರನೆಯದಾಗಿ, ಸಂತ ಲೂಕನು ಹೇಳುವ ಪ್ರಸಂಗ (ಲೂಕ 2:41-52). ಪಾಸ್ಕಹಬ್ಬ ಮುಗಿಸಿ ಜೆರುಸಲೇಮಿನಿಂದ ಮರಳುವಾಗ ಜೋಸೆಫರೂ ಮರಿಯಮ್ಮನವರೂ ಒಂದು ದಿನದ ದಾರಿ ನಡೆದ ಮೇಲೆ ಮಗ ಜೊತೆಗಿಲ್ಲವೆಂದು ಅವರಿಗೆ ತಿಳಿಯಿತು. ಅಲ್ಲಿಯವರೆಗೆ ಅವರು ಚಿಂತಿಸಲಿಲ್ಲವೇಕೆ? ಮಗ ನೆಂಟರ ಜೊತೆ, ಊರವರ ಜೊತೆ ಇರಬಹುದೆಂಬ ನಂಬಿಕೆ! ತನ್ನ ಮಗುವನ್ನು ಊರವರ ನಡುವೆ ಬಿಟ್ಟರೂ ಭಯವಿಲ್ಲ ಎನ್ನುವಂಥ ಸಮುದಾಯ ಅವರದಾಗಿತ್ತು. ನಮ್ಮ ಧರ್ಮಕೇಂದ್ರ ಅಂಥದಾಗಿದೆಯೇ? ಗುಳೆ ಹೋಗುವ ತಾಯಿ, "ನನ್ನ ಮಗಳು ಇಲ್ಲಿದ್ದರೆ ನಮ್ಮ ಕ್ರೈಸ್ತ ಮನೆಗಳವರು ನೋಡಿಕೊಳ್ಳುತ್ತಾರೆ" ಎಂದು ನಿಶ್ಚಿಂತೆಯಿಂದ ರೈಲು ಹತ್ತುವಂತಾದರೆ, ಬಾಲ್ಯವಿವಾಹದ ಮಾತಿಗೆ ಅರ್ಧ ಉತ್ತರ ಸಿಕ್ಕಂತೆಯೇ.

ಆದ್ದರಿಂದ ಈ ಹಬ್ಬದಂದು ನಾವೆಲ್ಲರೂ ಸೇರಿ ಕೆಲವು ಸಂಕಲ್ಪಗಳನ್ನು ಮಾಡೋಣ. ಒಂದು, ತಂದೆತಾಯಿ ದೂರವಿರುವ ಪ್ರತಿಯೊಂದು ಮಗುವಿನ ಹೊಣೆಯನ್ನು ಪಕ್ಕದ ಒಂದು ಕುಟುಂಬ ಹೊತ್ತುಕೊಳ್ಳಲಿ. ಶಾಲೆಗೆ ಹೋಯಿತೇ, ಜ್ವರ ಬಂದಿದೆಯೇ, ಧರ್ಮೋಪದೇಶಕ್ಕೆ ಬಂದಿದೆಯೇ ಎಂದು ವಾರಕ್ಕೊಮ್ಮೆಯಾದರೂ ವಿಚಾರಿಸಲಿ. ಎರಡು, ಮಕ್ಕಳನ್ನು ಜೊತೆಗೇ ಕರೆದೊಯ್ಯಲೇಬೇಕಾದವರು ಹೋದ ಊರಿನ ಸರ್ಕಾರಿ ಶಾಲೆಗೆ ಸೇರಿಸಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆಯವರು ಮಗುವನ್ನು ಹೊರಗಿಡುವಂತಿಲ್ಲ. ಮೂರು, ಹೊರಡುವ ಮುನ್ನ ವಿಚಾರಣೆ ಗುರುಗಳಿಂದ ಒಂದು ಪತ್ರ ತೆಗೆದುಕೊಳ್ಳಿ. ಹೋದಲ್ಲಿನ ದೇವಾಲಯದ ಗುರುಗಳಿಗೆ ಅದನ್ನು ತೋರಿಸಿದರೆ ದೀಕ್ಷಾಸ್ನಾನಕ್ಕೂ, ಮದುವೆಯ ಮಾತಿಗೂ, ಕಷ್ಟಕಾಲಕ್ಕೂ ಆಸರೆಯಾದೀತು. ನಾಲ್ಕು, ಯುಗಾದಿಯ ನಂತರ ಮರಳಿ ಬಂದವರನ್ನು "ಇಷ್ಟು ದಿನ ಪೂಜೆಗೆ ಎಲ್ಲಿ ಬಂದಿದ್ದೀರಿ?" ಎಂದು ಚುಚ್ಚದೆ, ಮನೆಗೆ ಹೋಗಿ ಬರಮಾಡಿಕೊಳ್ಳೋಣ.

ಮರಳಿ ಬರುವುದೂ ಸುಲಭವಲ್ಲ, ಪ್ರಿಯರೇ. ಹೆರೋದನು ಸತ್ತ ಮೇಲೆ ಜೋಸೆಫರು ಹೊರಟು ಬಂದರೂ, ಜುದೇಯದಲ್ಲಿ ಅವನ ಮಗ ಅರ್ಕೆಲಾವನು ಆಳುತ್ತಿದ್ದ. ಅದಕ್ಕೇ ಬೆತ್ಲೆಹೇಮಿನ ದಾರಿ ಬಿಟ್ಟು ಗಲಿಲೇಯದ ನಜರೇತಿಗೆ ಹೋದರು. 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹುಟ್ಟೂರನ್ನು ಕಳೆದುಕೊಂಡ ಹಿರಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತಿರುಗಿ ಹೋಗಲು ಅವರಿಗೆ ಹಳೆಯ ಊರೇ ಇಲ್ಲ. ಆದರೂ ಪುನರ್ವಸತಿ ಕೇಂದ್ರಗಳ ಹೊಸ ಮನೆಗಳಲ್ಲಿ ಅವರು ದೀಪ ಹಚ್ಚಿದರು, ಬೇವಿನ ಗಿಡ ನೆಟ್ಟರು, ಮಕ್ಕಳನ್ನು ಬೆಳೆಸಿದರು. ನಜರೇತ್ ಕೂಡ ಜೋಸೆಫರಿಗೆ ಹೀಗೆಯೇ ಊರಾಯಿತು. ದೇವರು ಎಲ್ಲಿ ಇಡುತ್ತಾರೋ ಅಲ್ಲಿ ಮನೆ ಕಟ್ಟುವುದೇ ವಿಶ್ವಾಸ.

ಈಗ ಬಲಿಪೀಠದ ಮೇಲೆ ರೊಟ್ಟಿ, ದ್ರಾಕ್ಷಾರಸಗಳನ್ನು ಇಡುವಾಗ, ಇಂದು ಇಲ್ಲಿಲ್ಲದ ಪ್ರತಿಯೊಬ್ಬರ ಹೆಸರನ್ನೂ ಮನಸ್ಸಿನಲ್ಲಿ ಇಡೋಣ. ಕಬ್ಬಿನ ಗದ್ದೆಯಲ್ಲಿರುವ ಅಣ್ಣ, ಗೋವಾದಲ್ಲಿರುವ ಮಗಳು, ಪುಣೆಯಲ್ಲಿರುವ ಅಳಿಯ, ಇವರೆಲ್ಲರೂ ಈ ಒಂದೇ ಪ್ರಸಾದದಲ್ಲಿ ನಮ್ಮೊಡನೆ ಒಂದಾಗಿದ್ದಾರೆ. ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬವು ನಮ್ಮ ಎಲ್ಲ ಕುಟುಂಬಗಳನ್ನು, ಬಾಗಿಲು ತೆರೆದಿರುವ ಮನೆಗಳನ್ನೂ ಬೀಗ ಹಾಕಿರುವ ಮನೆಗಳನ್ನೂ, ಕಾಯಲಿ. ಹೋದವರನ್ನು ಕ್ಷೇಮವಾಗಿ ಕರೆತರಲಿ. ಆಮೆನ್.