ಗಾಳಿಯ ಸುತ್ತಿಗೆಯೂ ನಮ್ಮ ಕೈಯೂ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಯಂತ್ರ. ಅಂಗಡಿಯವರು ‘ನೇಲ್ ಗನ್’ ಎನ್ನುವ ಸಾಮಾನು. ನಮಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಅನೇಕರು ರಜೆಯ ದಿನ ಖೋಲಿಯಲ್ಲಿ ಅಟ್ಟ ಕಟ್ಟಿಕೊಳ್ಳುತ್ತೇವೆ, ಪ್ಲೈವುಡ್ಡಿನ ಅಡ್ಡಗೋಡೆ ನಿಲ್ಲಿಸುತ್ತೇವೆ. ಊರಿಗೆ ಹೋದಾಗ ಹೆಂಚು ಇಳಿಸಿ ರೀಪು ಬದಲಾಯಿಸುತ್ತೇವೆ. ಗಿರಣಿ ಮುಚ್ಚಿದ ಮೇಲೆ ಬಡಗಿ ಕೆಲಸ ಹಿಡಿದವರೂ ನಮ್ಮಲ್ಲಿದ್ದಾರೆ. ಸಂಘದ ಹಣದಿಂದ ಎಲ್ಲರ ಉಪಯೋಗಕ್ಕೆ ಇಂಥ ಯಂತ್ರವೊಂದನ್ನು ಕೊಳ್ಳಬೇಕೆಂಬ ಸೂಚನೆ ಬಂದಿದೆ. ಕೊಳ್ಳಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಯಾವ ಬಗೆಯದು, ಯಾವ ಕಟ್ಟಳೆಯ ಮೇಲೆ ಎಂಬುದು ಮೊದಲು ಗೊತ್ತಾಗಬೇಕು.

ಈ ಯಂತ್ರದ ತೌರು ಅಮೆರಿಕ. ಅಲ್ಲಿ ಸಾಮಾನ್ಯರ ಮನೆ ಎಂದರೆ ಮರದ ಚೌಕಟ್ಟು. ಗೋಡೆ, ನೆಲ, ಮಾಡು ಎಲ್ಲವೂ ಮೊಳೆಯ ಬಲದಿಂದ ನಿಲ್ಲತಕ್ಕವು. ಒಂದು ಮನೆಗೆ ಸಾವಿರಗಟ್ಟಲೆ ಮೊಳೆ ಬೇಕು. 1950ರಲ್ಲಿ ನೆಲದ ಹಲಗೆಗೆ ಮೊಳೆ ಹೊಡೆಯುವ ಗಾಳಿಯಂತ್ರ ಅಲ್ಲಿನ ಮಾರುಕಟ್ಟೆಗೆ ಬಂತು. ಬರಬರುತ್ತ ಯಂತ್ರ ಹಗುರವಾಯಿತು, ಬೆಲೆ ಇಳಿಯಿತು. ತಮ್ಮ ಮನೆ ಕೆಲಸ ತಾವೇ ಮಾಡಿಕೊಳ್ಳುವವರೂ ಕೈಗೆತ್ತಿಕೊಂಡರು.

ಇದರ ಒಳಗುಟ್ಟು ಕಷ್ಟದ್ದಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎಲ್ಲರಿಗೂ ಗೊತ್ತು. ಗಿರಣಿಯವರಿಗೆ ಯಂತ್ರದ ಮೇಲಿನ ಹತ್ತಿಯ ಧೂಳು ಊದುವ ಗಾಳಿ ಪೈಪು ಗೊತ್ತು. ಅದೇ ಗಾಳಿ, ಚದರ ಅಂಗುಲಕ್ಕೆ ಸುಮಾರು 70ರಿಂದ 120 ಪೌಂಡು ಒತ್ತಡದಲ್ಲಿ, ಯಂತ್ರದೊಳಗಿನ ಪಿಸ್ಟನ್ನನ್ನು ಥಟ್ಟನೆ ಕೆಳಗೆ ತಳ್ಳುತ್ತದೆ. ಪಿಸ್ಟನ್ನಿಗೆ ಅಂಟಿದ ಉಕ್ಕಿನ ಪಟ್ಟಿ ಮೊಳೆಯ ತಲೆಗೆ ಬಡಿಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮೊಳೆ ಮರದ ಒಳಗೆ.

ಎಲ್ಲ ಕೆಲಸಕ್ಕೂ ಒಂದೇ ಯಂತ್ರ ಆಗದು. ಚೌಕಟ್ಟು ಕಟ್ಟುವ ದೊಡ್ಡ ಯಂತ್ರ ಎರಡರಿಂದ ಮೂರೂವರೆ ಅಂಗುಲದ ಮೊಳೆ ಹೊಡೆಯುತ್ತದೆ. ನಮ್ಮ ನಗರದಲ್ಲಿ ಪ್ಲೈವುಡ್ ಕೆಲಸದ ಬಡಗಿಗಳು ಹಿಡಿಯುವುದು ಚಿಕ್ಕದು. ಅದರಲ್ಲಿ ಹೋಗುವುದು 18 ಗೇಜಿನ ಸಪೂರ ಮೊಳೆ. ಪಟ್ಟಿ ಅಂಟಿಸಲು, ಅಂಚು ಕೂಡಿಸಲು ಅದು ಒಳ್ಳೆಯದು. ಭಾರ ಹೊರಲು ಅಲ್ಲ. ಅದರಿಂದ ಅಟ್ಟ ನಿಲ್ಲಿಸಿ ಮೇಲೆ ಮಕ್ಕಳನ್ನು ಮಲಗಿಸಕೂಡದು. ಅಟ್ಟಕ್ಕೆ ಬೋಲ್ಟು, ಸ್ಕ್ರೂ ಬೇಕೇ ಬೇಕು. ಊರಿನ ಹಳೆಯ ಮನೆಯ ಗಟ್ಟಿ ಮರದ ಪಕ್ಕಾಸಿಗೂ ಇದು ಆಗದು. ಮೊಳೆ ಬಾಗಿ ಪಕ್ಕಕ್ಕೆ ಚಿಮ್ಮುತ್ತದೆ. ಅಲ್ಲಿ ತೂತು ಕೊರೆದು ಸುತ್ತಿಗೆಯಿಂದಲೇ ಹೊಡೆಯಬೇಕು.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಅಮೆರಿಕದಲ್ಲಿ 2001ರಿಂದ 2005ರ ವರೆಗೆ ಈ ಯಂತ್ರದಿಂದ ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದವರು ವರ್ಷಕ್ಕೆ ಸುಮಾರು 37,000 ಮಂದಿ. ಹತ್ತರಲ್ಲಿ ನಾಲ್ವರು ಕೂಲಿಗೆ ಹಿಡಿದವರಲ್ಲ, ಸ್ವಂತಕ್ಕೆ ಬಳಸಿದವರು. ಗಾಯ ಹೆಚ್ಚಾಗಿ ಕೈಗೆ, ಬೆರಳಿಗೆ. ಕೈಗೆ ಮೊಳೆ ಹೊಕ್ಕವನು ತಟ್ಟೆ ಹಿಡಿಯಲಾರ, ದೋಸೆ ಹೊಯ್ಯಲಾರ, ಮಗ್ಗದ ನೂಲು ಗಂಟಿಕ್ಕಲಾರ. ದಿನಗೂಲಿಯವನಿಗೆ ಕೈ ಬಿಟ್ಟರೆ ಬೇರೆ ಬಂಡವಾಳವೇನಿದೆ?

ಈ ಗಾಯಗಳೆಲ್ಲ ಹಣೆಬರಹವಲ್ಲ. ಟ್ರಿಗರಿನ ರಚನೆಯನ್ನೂ ಅವಲಂಬಿಸಿವೆ. ಯಂತ್ರದ ಮೂತಿಯಲ್ಲಿ ಒಂದು ಬೀಗವಿದೆ. ಮೂತಿಯನ್ನು ಮರಕ್ಕೆ ಒತ್ತಿದ ಹೊರತು ಮೊಳೆ ಹಾರದು. ಒಂದು ಬಗೆಯ ಯಂತ್ರದಲ್ಲಿ ಬೆರಳನ್ನು ಟ್ರಿಗರಿನ ಮೇಲೆ ಒತ್ತಿಯೇ ಹಿಡಿದು ಮೂತಿಯನ್ನು ತಾಗಿಸುತ್ತ ಹೋದರೆ, ತಾಗಿದಲ್ಲೆಲ್ಲ ಮೊಳೆ. ಯಂತ್ರ ಒದ್ದು ಹಿಂದೆ ಬಂದು ಮತ್ತೆ ತಾಗಿದರೆ ಬೇಡದ ಎರಡನೆಯ ಮೊಳೆ. ತಾಗಿದ್ದು ತೊಡೆಯಾದರೂ ಮೊಳೆಯೇ. ಇನ್ನೊಂದು ಬಗೆಯಲ್ಲಿ ಮೊದಲು ಮೂತಿ ಒತ್ತಬೇಕು, ಆಮೇಲೆ ಟ್ರಿಗರ್. ಎರಡನ್ನೂ ಬಿಟ್ಟ ಮೇಲೆಯೇ ಮುಂದಿನ ಮೊಳೆ. ಮೊದಲನೆಯ ಬಗೆಯಲ್ಲಿ ಗಾಯದ ಸಂಭವ ಎರಡರಷ್ಟು ಎಂದು ಅಲ್ಲಿನ ಸರಕಾರದ ಕಾರ್ಮಿಕ ಸುರಕ್ಷತೆಯ ಇಲಾಖೆಯವರು 2011ರ ಕೈಪಿಡಿಯಲ್ಲಿ ಬರೆದಿದ್ದಾರೆ.

‘ಆದರೆ ಮೊದಲನೆಯದರಲ್ಲಿ ಕೆಲಸ ಬೇಗ’ ಎನ್ನುತ್ತಾರೆ ಗುತ್ತಿಗೆದಾರರು. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಹತ್ತು ಮಂದಿ ನುರಿತ ಬಡಗಿಗಳಿಂದ ಎರಡೆರಡು ಚಿಕ್ಕ ಮರದ ಕೊಠಡಿ ಕಟ್ಟಿಸಿದರು, ಒಂದೊಂದು ಬಗೆಯ ಯಂತ್ರದಿಂದ ಒಂದೊಂದು. ಮೊಳೆ ಹೊಡೆಯುವ ಹೊತ್ತಿನಲ್ಲಿ ಶೇಕಡಾ 10 ಉಳಿಯಿತು, ನಿಜ. ಆದರೆ ಅಳತೆ, ಕೊಯ್ತ, ಜೋಡಣೆ ಸೇರಿ ಇಡೀ ಕೆಲಸಕ್ಕೆ ಲೆಕ್ಕ ಹಾಕಿದರೆ ಉಳಿತಾಯ ಶೇಕಡಾ ಒಂದಕ್ಕಿಂತಲೂ ಕಡಿಮೆ! ಆ ಒಂದು ಪಾಲು ಹೊತ್ತು ಯಾರ ಜೇಬಿಗೆ? ಗುತ್ತಿಗೆದಾರರ ಜೇಬಿಗೆ. ಎರಡರಷ್ಟು ಅಪಾಯ ಯಾರ ಕೈಗೆ? ನಮ್ಮ ಕೈಗೆ.

ಇನ್ನೊಂದು ಸಂಗತಿಯನ್ನು ಹೊಟೇಲಿನ ಹುಡುಗರು ವಿಶೇಷವಾಗಿ ಕೇಳಬೇಕು. ಅಲ್ಲಿನ ಗಾಯಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಯಂತ್ರ ಹಿಡಿದವನಿಗಲ್ಲ, ಹತ್ತಿರವಿದ್ದ ಜೊತೆಗಾರನಿಗೆ. ರಾತ್ರಿ ಹೊಟೇಲು ಮುಚ್ಚಿದ ಮೇಲೆ ರಿಪೇರಿ ನಡೆಯುವಾಗ ‘ಏ ಮಾಣಿ, ಆ ಹಲಗೆ ಸ್ವಲ್ಪ ಹಿಡಿಯೋ’ ಎಂದು ಕರೆಯುವುದು ನಮಗೆ ಹೊಸದೇನಲ್ಲ. ಹದಿನಾರು ತಾಸು ನಿಂತು ದಣಿದ ಹುಡುಗ ತೂಕಡಿಸುತ್ತ ಹಲಗೆ ಹಿಡಿಯುತ್ತಾನೆ. ತೆಳ್ಳನೆಯ ಪ್ಲೈವುಡ್ಡನ್ನು ತೂರಿ ಮೊಳೆ ಆಚೆ ಬರುತ್ತದೆ. ಆ ಗಾಯ ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಅಂಥ ಕೆಲಸಕ್ಕೆ ‘ಹಿಡಿಯುವುದಿಲ್ಲ ಸ್ವಾಮಿ, ಶಿಕಂಜ ಹಾಕಿಸಿ’ ಎಂದು ಹೇಳುವ ಧೈರ್ಯ ನಮ್ಮ ಹುಡುಗರಿಗೆ ಬರಬೇಕು; ಹಾಗೆ ಹೇಳಿದವನ ಹಿಂದೆ ಸಂಘ ನಿಲ್ಲಬೇಕು.

1948ರ ಫ್ಯಾಕ್ಟರಿ ಕಾಯಿದೆ ಗಿರಣಿಯ ಯಂತ್ರಗಳಿಗೆ ಬೇಲಿ ಹಾಕಬೇಕೆಂದು ವಿಧಿಸಿತು. ಆದರೆ ಖೋಲಿಯ ಅಟ್ಟ ನೋಡಲು ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಅಲ್ಲಿ ನಮ್ಮ ಕಟ್ಟಳೆಯೇ ಬೇಲಿ. ಆದುದರಿಂದ ಈ ಠರಾವನ್ನು ಸಭೆಯ ಮುಂದೆ ಇಡುತ್ತೇವೆ:

ಒಂದು, ಮೂತಿ ಒತ್ತಿ ಆಮೇಲೆ ಟ್ರಿಗರ್ ಎಳೆಯುವ ಯಂತ್ರವನ್ನೇ ಕೊಳ್ಳತಕ್ಕದ್ದು. ಅಂಗಡಿಯಲ್ಲಿ ಟ್ರಿಗರ್ ಮೊದಲು ಹಿಡಿದು ಮೂತಿಯನ್ನು ದಪ್ಪ ಹಲಗೆಗೆ ಒತ್ತಿ ನೋಡಬೇಕು. ಮೊಳೆ ಹಾರಿದರೆ ಆ ಯಂತ್ರ ಬೇಡ.

ಎರಡು, ಕಲಿತವರ ಕೈಯಲ್ಲಿ ಮಾತ್ರ ಯಂತ್ರ ಕೊಡತಕ್ಕದ್ದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಜೊತೆಗೇ ಕೊಡಬೇಕು.

ಮೂರು, ಮೊಳೆ ಸಿಕ್ಕಿಕೊಂಡಾಗ ಗಾಳಿ ಪೈಪು ಕಳಚಿದ ಮೇಲೆಯೇ ಬಿಚ್ಚಬೇಕು. ಇನ್ನೊಂದು ಕೈ ಮೊಳೆಯ ಜಾಗದಿಂದ ಒಂದು ಅಡಿಯಾದರೂ ದೂರವಿರಬೇಕು.

ನಾಲ್ಕು, ಕಂಪ್ರೆಸರ್ ಸಿಗಲಿಲ್ಲವೆಂದು ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಿಗೆ ಯಾರೂ ಯಂತ್ರವನ್ನು ಜೋಡಿಸಕೂಡದು. ಅದು ಸಿಡಿಯುತ್ತದೆ.

ಬಂಧುಗಳೇ, ಯಂತ್ರವನ್ನು ನಾವು ವಿರೋಧಿಸುವುದಿಲ್ಲ. ರುಬ್ಬುವ ಕಲ್ಲು ಹೋಗಿ ಗ್ರೈಂಡರ್ ಬಂದಾಗ ನಮ್ಮ ರಟ್ಟೆಗಳು ಉಳಿದವು. ಯಂತ್ರ ನಮ್ಮ ಶ್ರಮ ಉಳಿಸಲಿ, ಕೈಯನ್ನೂ ಉಳಿಸಲಿ. ಠರಾವಿಗೆ ನಿಮ್ಮೆಲ್ಲರ ಒಪ್ಪಿಗೆ ಬೇಡಿ ನಮ್ಮ ಮಾತು ಮುಗಿಸುತ್ತೇವೆ.