ಗೊತ್ತಿರೋ ಪದವೇ ಕೈಕೊಟ್ಟಾಗ

ಇವತ್ತು ರಾಜಕೀಯ ಬೇಡ. ಒಂದೇ ಒಂದು ಪದದ ಕಥೆ ಹೇಳ್ತೀನಿ.

1980ನೇ ಇಸವಿ. ಅಮೆರಿಕದ ಫ್ಲಾರಿಡಾ. ಕ್ಯೂಬಾ ಮೂಲದ ಕುಟುಂಬದ 18 ವರ್ಷದ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ. ಮನೆಯವರು ಸ್ಪ್ಯಾನಿಷ್‌ನಲ್ಲಿ ಹೇಳಿದ್ದು ‘ಇಂಟಾಕ್ಸಿಕಾಡೊ’. ತಿಂದದ್ದೋ ಕುಡಿದದ್ದೋ ಕೆಟ್ಟು ಹೀಗಾಗಿದೆ ಅನ್ನೋದು ಅವರ ಮಾತಿನ ಅರ್ಥ. ಆಸ್ಪತ್ರೆಯವರ ಕಿವಿಗೆ ಬಿದ್ದದ್ದು ಇಂಗ್ಲಿಷ್‌ನ ‘ಇಂಟಾಕ್ಸಿಕೇಟೆಡ್’. ಅಂದ್ರೆ ನಶೆ! ಮಾದಕವಸ್ತು ಅತಿಯಾಗಿ ಸೇವಿಸಿದ್ದಾನೆ ಅಂತ ಚಿಕಿತ್ಸೆ ಶುರುವಾಯ್ತು.

ನಿಜಕ್ಕೂ ಆಗಿದ್ದು ಮಿದುಳಿನಲ್ಲಿ ರಕ್ತಸ್ರಾವ. ಗೊತ್ತಾಗೋ ಹೊತ್ತಿಗೆ ಆ ಹುಡುಗನ ಎರಡೂ ಕೈ, ಎರಡೂ ಕಾಲು ಸ್ವಾಧೀನ ಕಳೆದುಕೊಂಡಿದ್ದವು. ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಅವನ ಜೀವಮಾನದ ಲೆಕ್ಕದಲ್ಲಿ ಆ ಪರಿಹಾರದ ಮೊತ್ತ ಸುಮಾರು 7 ಕೋಟಿ 10 ಲಕ್ಷ ಡಾಲರ್!

ಮನೆಯವರ ಊಹೆಯೂ ತಪ್ಪೇ ಆಗಿತ್ತು, ಒಪ್ಪೋಣ. ಆದರೆ ‘ನಶೆ’ ಅನ್ನೋ ಹಣೆಪಟ್ಟಿ ಅಂಟಿದ ಮೇಲೆ ಬೇರೆ ಕಾರಣ ಹುಡುಕೋರು ಯಾರು?

ಈ ಪದದ ಬೇರು ಗ್ರೀಕ್‌ನಲ್ಲಿದೆ. ‘ಟಾಕ್ಸಾನ್’ ಅಂದ್ರೆ ಬಿಲ್ಲು. ಬಾಣಕ್ಕೆ ಸವರುವ ವಿಷ ಲ್ಯಾಟಿನ್‌ಗೆ ಬಂದು ‘ಟಾಕ್ಸಿಕುಮ್’ ಆಯ್ತು. ಅದರಿಂದ ಹುಟ್ಟಿದ್ದು ‘ಇಂಟಾಕ್ಸಿಕಾರೆ’, ಅಂದರೆ ವಿಷವಿಕ್ಕು. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್‌ನಲ್ಲಿ ಈ ಪದ ಇಂದಿಗೂ ವಿಷದ ಹತ್ತಿರವೇ ಇದೆ. ಹಳಸಿದ್ದು ತಿಂದು ವಾಂತಿಯಾದರೂ ಇದನ್ನೇ ಹೇಳ್ತಾರೆ. ಇಂಗ್ಲಿಷ್‌ನಲ್ಲಿ ಮಾತ್ರ, ವೈದ್ಯಕೀಯ ಬಳಕೆ ಬಿಟ್ಟರೆ, ಜನರ ಬಾಯಲ್ಲಿ ಅದು ಕುಡಿತದ ಪದವಾಗಿಬಿಡ್ತು.

ನಗಬೇಡಿ, ನಮ್ಮಲ್ಲೂ ಇದೇ ಕಥೆ. ಸಂಸ್ಕೃತದ ‘ಅವಸರ’ವನ್ನೇ ನೋಡಿ. ಕನ್ನಡದಲ್ಲಿ ಆತುರ, ತೆಲುಗಿನಲ್ಲಿ ಅಗತ್ಯ, ಮಲಯಾಳದಲ್ಲಿ ಅವಕಾಶ. ತೆಲುಗಿನವರು ‘ಅವಸರಂ ಲೇದು’ ಅಂದ್ರೆ ‘ಅರ್ಜೆಂಟ್ ಇಲ್ಲ’ ಅಂತಲ್ಲ, ‘ಬೇಕಾಗಿಲ್ಲ’ ಅಂತ. ಔಷಧಿ ವಿಷಯದಲ್ಲಿ ಹೀಗಾದರೆ?

ನನಗನಿಸೋದು ಇಷ್ಟೇ. ಗೊತ್ತಿಲ್ಲದ ಪದ ಅಪಾಯ ಅಲ್ಲ, ಯಾಕಂದ್ರೆ ನಾವು ತಿರುಗಿ ಕೇಳ್ತೀವಿ. ಗೊತ್ತಿದೆ ಅಂದುಕೊಂಡ ಪದವೇ ಅಪಾಯ. ಆವತ್ತು ಆ ಆಸ್ಪತ್ರೆಯಲ್ಲಿ ತರಬೇತಾದ ದುಭಾಷಿ ಇರಲಿಲ್ಲ. ಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ಎಲ್ಲರಿಗೂ ಅರ್ಥ ಆಗಿತ್ತಲ್ಲ!

ಹತ್ತು ಭಾಷೆ ಕೇಳಿಸೋ ನಮ್ಮ ಬೆಂಗಳೂರಿನ ಆಸ್ಪತ್ರೆಗಳಲ್ಲಿ, ‘ಅಂದ್ರೆ ಏನಾಯ್ತಮ್ಮಾ?’ ಅಂತ ಇನ್ನೊಂದು ಸಲ ಕೇಳೋಕೆ ಹಿಡಿಯೋದು ಅರ್ಧ ನಿಮಿಷ. ಅಷ್ಟೂ ಅವಸರ ಬೇಡ.